ಅಂಕಿಯ ಹಿಂದಿನ ಎಳೆತ: ಮಧ್ಯಮ ಗಾತ್ರದ ಕ್ರೂಸರ್‌ಗಳ ಅಶ್ವಶಕ್ತಿಯನ್ನು ಓದುವ ಬಗೆ

ಕವಾಸಾಕಿ ಸಂಸ್ಥೆಯ ನಿಂಜಾ 650 ಮತ್ತು ವಲ್ಕನ್ ಎಸ್ ಬೈಕುಗಳ ಒಡಲಲ್ಲಿರುವುದು ಮೂಲತಃ ಒಂದೇ 649 ಸಿ.ಸಿ.ಯ ಜೋಡಿ ಸಿಲಿಂಡರ್ ಎಂಜಿನ್. ಆದರೆ ಭಾರತದಲ್ಲಿ ಮಾರಾಟಕ್ಕೆ ಬಂದ ರೂಪದಲ್ಲಿ ಅದು ನಿಂಜಾದೊಳಗೆ ನಿಮಿಷಕ್ಕೆ 8,000 ಸುತ್ತುಗಳಲ್ಲಿ 68 ಅಶ್ವಶಕ್ತಿಯನ್ನೂ ಕ್ರೂಸರ್ ಆದ ವಲ್ಕನ್ನಿನೊಳಗೆ 7,500 ಸುತ್ತುಗಳಲ್ಲಿ 61 ಅಶ್ವಶಕ್ತಿಯನ್ನೂ ನೀಡುತ್ತದೆ. ಕೈಬಿಟ್ಟ ಈ ಏಳು ಅಶ್ವಶಕ್ತಿಯನ್ನು ಹೊಸಬರು ನಷ್ಟವೆಂದೇ ಎಣಿಸುತ್ತಾರೆ. ವಾಸ್ತವದಲ್ಲಿ ಕವಾಟಗಳನ್ನು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟಿನ ಆಕಾರವನ್ನು ಬದಲಿಸಿ, ಎಂಜಿನ್ನಿನ ಗತಿಯನ್ನು ಸಮವಾಗಿರಿಸುವ ಫ್ಲೈವೀಲ್ ಎಂಬ ಚಕ್ರವನ್ನು ಇನ್ನಷ್ಟು ಭಾರವಾಗಿಸಿ, ಮೇಲಿನ ವೇಗದ ಆರ್ಭಟವನ್ನು ಕೆಳಗಿನ ಮತ್ತು ನಡುವಿನ ವೇಗಗಳ ಎಳೆತಕ್ಕೆ ಬಿಟ್ಟುಕೊಟ್ಟ ಬುದ್ಧಿಪೂರ್ವಕ ವ್ಯವಹಾರವದು. ಈ ಬಗೆಯ ಬೈಕುಗಳಲ್ಲಿ ಅಶ್ವಶಕ್ತಿ ಎಷ್ಟಿದೆ ಎಂಬುದಕ್ಕಿಂತ ಅದು ಎಲ್ಲಿ ಒದಗುತ್ತದೆ ಎಂಬುದೇ ಮುಖ್ಯ, ಮತ್ತು ರಸಿಕನ ಅಭ್ಯಾಸ ತೊಡಗಬೇಕಾದದ್ದೂ ಅಲ್ಲಿಂದಲೇ.

ಮಧ್ಯಮ ಗಾತ್ರ ಎಂಬುದಕ್ಕೆ ಎಲ್ಲರೂ ಒಪ್ಪಿದ ಗಡಿಯಿಲ್ಲ. ಸಾಮಾನ್ಯವಾಗಿ 500ರಿಂದ 900 ಸಿ.ಸಿ. ವರೆಗಿನ, ಅಂದರೆ ಪಿಸ್ಟನ್ನುಗಳು ಚಲಿಸುವ ಜಾಗದ ಒಟ್ಟು ಗಾತ್ರ ಅಷ್ಟಿರುವ ಎಂಜಿನ್ನುಗಳನ್ನು ಈ ವರ್ಗಕ್ಕೆ ಸೇರಿಸುವ ರೂಢಿಯಿದ್ದು, 471 ಸಿ.ಸಿ.ಯ ಹೋಂಡಾ ರೆಬೆಲ್ 500 ಅದರ ಕೆಳಗಿನ ಹೊಸ್ತಿಲಲ್ಲೂ ಹಾರ್ಲೆ ಡೇವಿಡ್ಸನ್ನಿನ 883 ಸಿ.ಸಿ. ಸ್ಪೋರ್ಟ್‌ಸ್ಟರ್ ಮೇಲಿನ ಹೊಸ್ತಿಲಲ್ಲೂ ನಿಲ್ಲುತ್ತವೆ. ಈ ಗಡಿಗಳನ್ನು ಎಳೆದವರು ಎಂಜಿನಿಯರುಗಳು ಮಾತ್ರವೇ ಅಲ್ಲ. 1983ರಲ್ಲಿ ಅಮೆರಿಕದ ಸರ್ಕಾರ ಹಾರ್ಲೆಯ ಮೊರೆಯನ್ನು ಮನ್ನಿಸಿ, 700 ಸಿ.ಸಿ. ಮೀರಿದ ವಿದೇಶಿ ಬೈಕುಗಳ ಆಮದು ಸುಂಕವನ್ನು ಶೇ. 4.4ರಿಂದ ಶೇ. 49.4ಕ್ಕೆ ಏರಿಸಿದಾಗ, ಜಪಾನಿನ ತಯಾರಕರು ತಮ್ಮ 750 ಸಿ.ಸಿ. ಎಂಜಿನ್ನುಗಳನ್ನು ಕಿರಿದುಗೊಳಿಸಿ 700ರ ಗೆರೆಯೊಳಗೆ ತಂದರು. ಯಮಹಾದ ವಿರಾಗೋ 750 ಅಲ್ಲಿ 699 ಸಿ.ಸಿ.ಯ ವಿರಾಗೋ 700 ಆಯಿತು, ಹೋಂಡಾದ ಶ್ಯಾಡೋ ಕೂಡ ಅದೇ ದಾರಿ ಹಿಡಿಯಿತು. ಸುಂಕದ ಅಧಿಕಾರಿಯ ಲೇಖನಿ ಎಂಜಿನ್ನಿನ ಸಿಲಿಂಡರನ್ನು ಕೊರೆದ ಈ ಪ್ರಸಂಗವನ್ನು ಬಲ್ಲವರು ತಾಂತ್ರಿಕ ಪಟ್ಟಿಯಲ್ಲಿ ವಿಚಿತ್ರವಾದ ಅಂಕಿಯೊಂದನ್ನು ಕಂಡಾಗಲೆಲ್ಲ ಅದರ ಹಿಂದೆ ಕಾನೂನೊಂದು ಅಡಗಿರಬಹುದೆಂದು ಊಹಿಸುತ್ತಾರೆ.

ಅಶ್ವಶಕ್ತಿಯೆಂದರೆ ಕೆಲಸ ನಡೆಯುವ ದರ. ಇಂದು ಭಾರತದ ಮತ್ತು ಯೂರೋಪಿನ ಪಟ್ಟಿಗಳಲ್ಲಿ ಪಿ.ಎಸ್. ಎಂದು ನಮೂದಾಗುವ ಮೆಟ್ರಿಕ್ ಅಶ್ವಶಕ್ತಿಯು 75 ಕಿಲೋಗ್ರಾಂ ತೂಕವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತರಕ್ಕೆ ಎತ್ತುವ ಸಾಮರ್ಥ್ಯಕ್ಕೆ ಸಮ, ಅಂದರೆ ಸುಮಾರು 735.5 ವ್ಯಾಟ್. ಜೇಮ್ಸ್ ವ್ಯಾಟ್ ಕಾಲದಿಂದ ಬಂದ ಬ್ರಿಟಿಷ್ ಅಶ್ವಶಕ್ತಿ ಇದಕ್ಕಿಂತ ತುಸು ದೊಡ್ಡದು, ಸುಮಾರು 746 ವ್ಯಾಟ್. ಒಂದೇ ಬೈಕಿಗೆ ಎರಡು ಪತ್ರಿಕೆಗಳು ಎರಡು ಅಂಕಿ ಕೊಡುವುದಕ್ಕೆ ಎಷ್ಟೋ ಸಲ ಈ ವ್ಯತ್ಯಾಸವೇ ಕಾರಣ. ಟಾರ್ಕ್ ಎಂಬುದು ಬೇರೆ: ಎಂಜಿನ್ನಿನ ದಂಡವನ್ನು ತಿರುಗಿಸುವ ತಿರುಚುಬಲವದು, ನ್ಯೂಟನ್ ಮೀಟರುಗಳಲ್ಲಿ ಅಳೆಯಲ್ಪಡುತ್ತದೆ, ಮತ್ತು ಆ ಬಲವನ್ನು ನಿಮಿಷದ ಸುತ್ತುಗಳಿಂದ ಗುಣಿಸಿ 9,549ರಿಂದ ಭಾಗಿಸಿದರೆ ಕಿಲೋವ್ಯಾಟುಗಳಲ್ಲಿ ಶಕ್ತಿ ಸಿಗುತ್ತದೆ. ಟಾರ್ಕೂ ಅಶ್ವಶಕ್ತಿಯೂ ಪರಸ್ಪರ ಪ್ರತಿಸ್ಪರ್ಧಿಗಳೆಂಬಂತೆ ನಡೆಯುವ ಬೈಕ್ ಪ್ರಿಯರ ವಾದವೆಲ್ಲ ಈ ಒಂದು ಗುಣಾಕಾರವನ್ನು ಮರೆತದ್ದರ ಫಲ.

ರಾಯಲ್ ಎನ್‌ಫೀಲ್ಡ್ ಸಂಸ್ಥೆ 2022ರ ನವೆಂಬರಿನಲ್ಲಿ ಮಿಲಾನ್ ಪ್ರದರ್ಶನದಲ್ಲಿ ಅನಾವರಣಗೊಳಿಸಿದ ಸೂಪರ್ ಮೀಟಿಯೊರ್ 650ರ ಲೆಕ್ಕವನ್ನೇ ಉದಾಹರಣೆಯಾಗಿ ನೋಡಬಹುದು. ಅದರ 648 ಸಿ.ಸಿ. ಎಂಜಿನ್ನು 5,650 ಸುತ್ತುಗಳಲ್ಲಿ ತನ್ನ ಗರಿಷ್ಠ ಟಾರ್ಕ್ ಆದ 52.3 ನ್ಯೂಟನ್ ಮೀಟರನ್ನು ನೀಡುತ್ತದೆ, ಆಗ ಅದರ ಶಕ್ತಿ ಸುಮಾರು 42 ಅಶ್ವಶಕ್ತಿ. ಅಲ್ಲಿಂದ ಮುಂದೆ ಪ್ರತಿ ಸುತ್ತಿನ ಬಲ ಇಳಿಯತೊಡಗಿದರೂ ಸುತ್ತುಗಳ ಸಂಖ್ಯೆ ಅದಕ್ಕಿಂತ ಬೇಗ ಏರುವುದರಿಂದ, 7,250 ಸುತ್ತುಗಳಲ್ಲಿ ಶಕ್ತಿ 47ಕ್ಕೆ ಮುಟ್ಟಿ ಅಲ್ಲಿಗೆ ಶಿಖರವಾಗುತ್ತದೆ. ಸಂಸ್ಥೆ ಹೇಳುವಂತೆ ಗರಿಷ್ಠ ಟಾರ್ಕಿನ ಶೇ. 80ರಷ್ಟು 2,500 ಸುತ್ತುಗಳಲ್ಲೇ ದೊರೆಯುವುದಾದರೆ, ಎಂಜಿನ್ನು ಇನ್ನೂ ಗುನುಗುವ ಹಂತದಲ್ಲಿರುವಾಗಲೇ ಸವಾರನ ಕೈಯಲ್ಲಿ ಸುಮಾರು 15 ಅಶ್ವಶಕ್ತಿ ಇರುತ್ತದೆ. ಜಾಹೀರಾತಿನಲ್ಲಿ ಅಚ್ಚಾಗುವುದು 47 ಆದರೂ ಊರಿಂದೂರಿಗೆ ಹೋಗುವ ಸವಾರ ದಿನವಿಡೀ ಬಳಸುವುದು ಈ ಕೆಳಗಿನ ಶಕ್ತಿಯನ್ನೇ. ಇನ್ನು 47 ಎಂಬ ಅಂಕಿಯೂ ಆಕಸ್ಮಿಕವಲ್ಲ. ಯೂರೋಪಿನಲ್ಲಿ ಎ2 ಎಂಬ ಮಧ್ಯಂತರ ಪರವಾನಗಿ ಪಡೆದ ಯುವ ಸವಾರರು ಓಡಿಸಬಹುದಾದ ಬೈಕಿನ ಶಕ್ತಿಗೆ 35 ಕಿಲೋವ್ಯಾಟ್, ಅಂದರೆ 47.6 ಪಿ.ಎಸ್. ಎಂಬ ಮಿತಿಯಿದೆ. ಸೂಪರ್ ಮೀಟಿಯೊರಿನ 47 ಮತ್ತು ರೆಬೆಲ್ 500ರ ಸುಮಾರು 46 ಎರಡೂ ಆ ಗೆರೆಯ ಒಳಬದಿಗೆ ತಾಗಿಯೇ ನಿಂತಿವೆ.

ಇಷ್ಟು ಶಕ್ತಿ ಸಾಕೇ ಎಂಬ ಪ್ರಶ್ನೆಗೆ ಉತ್ತರ ಗಾಳಿಯಲ್ಲಿದೆ. ಗಾಳಿಯ ತಡೆ ವೇಗದ ವರ್ಗದಂತೆ ಏರಿದರೆ, ಆ ತಡೆಯನ್ನು ಮೀರಲು ಬೇಕಾದ ಶಕ್ತಿ ವೇಗದ ಘನದಂತೆ ಏರುತ್ತದೆ, ಎಂದರೆ ವೇಗ ಇಮ್ಮಡಿಯಾದಾಗ ಬೇಕಾಗುವ ಶಕ್ತಿ ಎಂಟು ಪಟ್ಟಾಗುತ್ತದೆ. ಎದೆಯೊಡ್ಡಿ ನೇರವಾಗಿ ಕುಳಿತ ಸವಾರನನ್ನು ಹೊತ್ತ ಕ್ರೂಸರ್ ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 100 ಕಿ.ಮೀ. ವೇಗವನ್ನು ಕಾಯ್ದುಕೊಳ್ಳಲು ಸುಮಾರು 13ರಿಂದ 15 ಅಶ್ವಶಕ್ತಿ ಸಾಕು. ಅದೇ ಬೈಕು 160 ಮುಟ್ಟಬೇಕೆಂದರೆ ಗಾಳಿಯೊಂದಕ್ಕೇ ನಲವತ್ತಕ್ಕೂ ಮಿಗಿಲಾದ ಅಶ್ವಶಕ್ತಿಯನ್ನು ತೆರಬೇಕಾಗುತ್ತದೆ. ಸುಮಾರು 20 ಅಶ್ವಶಕ್ತಿಯ ಮೀಟಿಯೊರ್ 350 ಕೂಡ 100ರ ವೇಗದಲ್ಲಿ ಸಾಗಬಲ್ಲದು, ಆದರೆ ಆಗ ಅದರ ಬೊಕ್ಕಸ ಬಹುಪಾಲು ಖಾಲಿಯಾಗಿದ್ದು, ಮುಂದಿನ ಲಾರಿಯನ್ನು ಹಿಂದಿಕ್ಕಲು ಉಳಿದಿರುವುದು ಅತ್ಯಲ್ಪ. ಅದೇ ವೇಗದಲ್ಲಿ 650ರ ಬಳಿ ಮೂರನೇ ಎರಡು ಪಾಲು ಮೀಸಲು ಉಳಿದಿರುತ್ತದೆ. ಮಧ್ಯಮ ಗಾತ್ರದ ಕ್ರೂಸರಿನ ಸುಖವೆಲ್ಲ ಈ ಬಳಸದ ಮೀಸಲಿನಲ್ಲೇ ಇದೆ ಎಂದರೆ ಅತಿಶಯೋಕ್ತಿಯಾಗಲಾರದು.

ಅಂಕಿಗಳಾಚೆಗೆ ರಸಿಕನನ್ನು ಸೆಳೆಯುವುದು ಲಯ, ಮತ್ತು ಇಲ್ಲಿ ವಿಷಯ ನಿಜಕ್ಕೂ ಸ್ವಾರಸ್ಯವಾಗುತ್ತದೆ. ಸಿಲಿಂಡರಿನ ಒಳವ್ಯಾಸಕ್ಕೆ ಬೋರ್ ಎಂದೂ ಪಿಸ್ಟನ್ ಮೇಲೆ ಕೆಳಗೆ ಸಾಗುವ ದೂರಕ್ಕೆ ಸ್ಟ್ರೋಕ್ ಎಂದೂ ಹೆಸರು. ಹಾರ್ಲೆಯ 883ರಲ್ಲಿ ಬೋರ್ 76.2 ಮಿ.ಮೀ., ಸ್ಟ್ರೋಕ್ 96.8 ಮಿ.ಮೀ. ಇದ್ದರೆ, ವಲ್ಕನ್ ಎಸ್‌ನಲ್ಲಿ ಬೋರ್ 83, ಸ್ಟ್ರೋಕ್ ಬರೀ 60. ಉದ್ದ ಸ್ಟ್ರೋಕಿನ ಪಿಸ್ಟನ್ ಪ್ರತಿ ಸುತ್ತಿನಲ್ಲೂ ಹೆಚ್ಚು ದೂರ ಓಡಬೇಕಾದ್ದರಿಂದ ಅಂಥ ಎಂಜಿನ್ನು ನಿಧಾನವಾಗಿ ಸುತ್ತುವುದನ್ನೇ ಬಯಸುತ್ತದೆ, ಹಾಗಾಗಿ ಅದರ ಅಶ್ವಶಕ್ತಿಯ ಅಂಕಿ ಗಾತ್ರಕ್ಕೆ ಹೋಲಿಸಿದರೆ ಬಡವಾಗಿ ಕಾಣುತ್ತದೆ. ಹಾರ್ಲೆ ಬಹುಕಾಲ ತನ್ನ ಪಟ್ಟಿಗಳಲ್ಲಿ ಟಾರ್ಕಿನ ಅಂಕಿಯನ್ನೇ ಮುಂದಿಟ್ಟದ್ದು ಈ ದೃಷ್ಟಿಯಿಂದ ಜಾಣತನವೇ ಸರಿ. ಅದರ ಎರಡು ಸಿಲಿಂಡರುಗಳು 45 ಡಿಗ್ರಿ ಕೋನದಲ್ಲಿ ಕವಲೊಡೆದು, ಪಿಸ್ಟನ್ನುಗಳೆರಡೂ ಕ್ರ್ಯಾಂಕ್ ಎಂಬ ತಿರುಗುದಂಡದ ಒಂದೇ ಗೂಟಕ್ಕೆ ಸೇರಿಕೊಂಡಿರುವುದರಿಂದ, ಸ್ಫೋಟಗಳ ನಡುವಿನ ಅಂತರ 315 ಡಿಗ್ರಿ ಒಮ್ಮೆ, 405 ಡಿಗ್ರಿ ಮತ್ತೊಮ್ಮೆ ಆಗುತ್ತದೆ. ಎರಡು ಪೆಟ್ಟು ಹತ್ತಿರ ಬಿದ್ದು ಆಮೇಲೊಂದು ಬಿಡುವು ಬರುವ ಆ ಕುಂಟುನಡೆಯ ಗುಡುಗಿನ ಮೂಲ ಇದು. ಸೂಪರ್ ಮೀಟಿಯೊರಿನ ಅಕ್ಕಪಕ್ಕದ ಸಿಲಿಂಡರುಗಳು ಕ್ರ್ಯಾಂಕನ್ನು 270 ಡಿಗ್ರಿ ಅಂತರದಲ್ಲಿ ಹಂಚಿಕೊಂಡು, 270 ಮತ್ತು 450 ಡಿಗ್ರಿಗಳ ಅಸಮ ಲಯವನ್ನು ಹುಟ್ಟಿಸುತ್ತವೆ.

ಲಯಕ್ಕಾಗಿ ಶಕ್ತಿಯನ್ನೇ ತೆತ್ತ ಪ್ರಸಂಗವೂ ಉಂಟು. ಮಧ್ಯಮ ವರ್ಗಕ್ಕಿಂತ ದೊಡ್ಡದಾದ 1,100 ಸಿ.ಸಿ. ಶ್ಯಾಡೋ ಬೈಕಿನಲ್ಲಿ ಹೋಂಡಾದ ಎಂಜಿನಿಯರುಗಳು ಮೊದಲು ಎರಡು ಗೂಟಗಳ ಕ್ರ್ಯಾಂಕನ್ನು ಅಳವಡಿಸಿ ಕಂಪನವನ್ನು ಅಡಗಿಸಿದ್ದರು. 1995ರ ಅಮೆರಿಕನ್ ಕ್ಲಾಸಿಕ್ ಆವೃತ್ತಿಯಲ್ಲಿ ಅದನ್ನು ಕಿತ್ತು ಒಂದೇ ಗೂಟದ ಕ್ರ್ಯಾಂಕಿಗೆ ಮರಳಿದರು. ಕಂಪನ ಹೆಚ್ಚಿತು, ಅಶ್ವಶಕ್ತಿ ಇಳಿಯಿತು, ಸದ್ದು ಮಾತ್ರ ಗಿರಾಕಿ ಬಯಸಿದಂತಾಯಿತು. ನಯವನ್ನೇ ವ್ರತವಾಗಿಸಿಕೊಂಡ ಸಂಸ್ಥೆಯೊಂದು ತನ್ನ ಕುಶಲತೆಯನ್ನು ಹಿಂತೆಗೆದುಕೊಂಡ ಈ ನಡೆಯಷ್ಟು ಸ್ಪಷ್ಟವಾಗಿ ಕ್ರೂಸರ್ ಎಂಬ ರೂಪದ ಸ್ವಭಾವವನ್ನು ತೋರಿಸುವುದು ಬೇರೊಂದಿಲ್ಲ.

ಪಟ್ಟಿಯ ಅಂಕಿಯಷ್ಟೂ ಚಕ್ರಕ್ಕೆ ತಲುಪುವುದಿಲ್ಲ. ಗೇರುಗಳೂ ಚೈನು, ಬೆಲ್ಟು ಅಥವಾ ಶಾಫ್ಟೂ ತಮ್ಮ ಪಾಲನ್ನು ಕಿತ್ತುಕೊಂಡಮೇಲೆ ಸಾಮಾನ್ಯವಾಗಿ ಹತ್ತರಿಂದ ಹದಿನೈದು ಶೇಕಡಾ ಸೋರಿಹೋಗಿರುತ್ತದೆ. ಎತ್ತರದ ಊರುಗಳ ತೆಳುಗಾಳಿಯೂ ತನ್ನ ಪಾಲು ಕೇಳುತ್ತದೆ: ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನ ಗಾಳಿಯ ಸಾಂದ್ರತೆ ಮಂಗಳೂರಿಗಿಂತ ಶೇ. 8ರಷ್ಟು ಕಡಿಮೆಯಿದ್ದು, ಎಂಜಿನ್ನು ಪ್ರತಿ ಉಸಿರಿಗೆ ಸೆಳೆದುಕೊಳ್ಳುವ ಆಮ್ಲಜನಕವೂ ಆ ಪ್ರಮಾಣದಲ್ಲಿ ತಗ್ಗುತ್ತದೆ. ತೂಕದ ಲೆಕ್ಕ ಇನ್ನೂ ನಿಷ್ಠುರವಾದದ್ದು. ಸೂಪರ್ ಮೀಟಿಯೊರ್ 241 ಕಿಲೋ, ವಲ್ಕನ್ ಎಸ್ 235 ಕಿಲೋ, ರೆಬೆಲ್ 500 ಸುಮಾರು 190 ಕಿಲೋ ತೂಗುವುದರಿಂದ, ಶಕ್ತಿಯಲ್ಲಿ ಸೂಪರ್ ಮೀಟಿಯೊರಿನ ಜೊತೆಯೇ ಇರುವ ರೆಬೆಲ್ ತೂಕಕ್ಕೆ ತಕ್ಕ ಶಕ್ತಿಯ ಅನುಪಾತದಲ್ಲಿ ಅದನ್ನು ಬಹಳ ಹಿಂದೆ ಬಿಡುತ್ತದೆ. ಆದರೆ ಅದರ ಶಿಖರಶಕ್ತಿ ದೊರೆಯುವುದು 8,500 ಸುತ್ತುಗಳಲ್ಲಿ ಎಂಬುದನ್ನು ಜೊತೆಗೇ ಓದಿಕೊಳ್ಳಬೇಕು.

ತಿರುವುಗಳಲ್ಲಿ ಈ ಬೈಕುಗಳ ಮಿತಿಯನ್ನು ನಿರ್ಧರಿಸುವುದು ಎಂಜಿನ್ನಲ್ಲ, ದೇಹರಚನೆ. ತಗ್ಗಿನ ಸೀಟು, ಮುಂದಕ್ಕೆ ಚಾಚಿದ ಕಾಲು ಮತ್ತು 130 ಮಿ.ಮೀ. ಆಸುಪಾಸಿನ ನೆಲದಂತರದ ಕಾರಣದಿಂದ, ಆಗುಂಬೆಯಂಥ ಘಾಟಿಯ ಹಿಮ್ಮುರಿ ತಿರುವಿನಲ್ಲಿ ಟೈರಿನ ಹಿಡಿತ ಮುಗಿಯುವ ಬಹಳ ಮೊದಲೇ ಫುಟ್‌ರೆಸ್ಟ್ ನೆಲಕ್ಕೆ ಉಜ್ಜಿ ಎಚ್ಚರಿಸುತ್ತದೆ. ಅಲ್ಲಿ ಉಪಯೋಗಕ್ಕೆ ಬರುವುದು ತಿರುವು ಮುಗಿದೊಡನೆ ಗೇರ್ ಬದಲಿಸದೆ ಬೈಕನ್ನು ಮೇಲಕ್ಕೆ ಎಳೆಯುವ ಶಕ್ತಿ.

ಬೈಕನ್ನು ಪರೀಕ್ಷಿಸಲು ಹೋದವರು ನಿಂತಲ್ಲಿಂದ ಚಿಮ್ಮಿಸಿ ಪಿಕಪ್ ನೋಡುವ ರೂಢಿಯನ್ನು ಬಿಡುವುದು ಒಳ್ಳೆಯದು. ಖಾಲಿ ರಸ್ತೆಯಲ್ಲಿ ನಾಲ್ಕನೆಯ ಗೇರಿನಲ್ಲಿ ಗಂಟೆಗೆ 50 ಕಿ.ಮೀ. ಆಸುಪಾಸಿನಲ್ಲಿ ಸಾಗುತ್ತ, ಆಕ್ಸಿಲರೇಟರನ್ನು ಒಂದೇ ಸಮನೆ ತೆರೆದು, ಎಳೆತ ತಡೆಯಿಲ್ಲದೆ ಏರುತ್ತದೋ ನಡುವೆ ಎಲ್ಲಾದರೂ ಕುಸಿದು ಮತ್ತೆ ಚೇತರಿಸುತ್ತದೋ ಎಂಬುದನ್ನು ಗಮನಿಸಬೇಕು. ಎಂಜಿನ್ನು ಕಟಕಟನೆ ಬಡಿದುಕೊಂಡರೆ ಒಂದು ಗೇರ್ ಇಳಿಸಿ ಮತ್ತೆ ನೋಡಬೇಕು. 90ರಿಂದ 100ರ ನಡುವೆ ಕನ್ನಡಿಯಲ್ಲಿ ಹಿಂದಿನ ವಾಹನದ ಬಿಂಬ ನಿಚ್ಚಳವಾಗಿದೆಯೋ ಕಂಪನದಿಂದ ಕಲಸಿಹೋಗಿದೆಯೋ ಎಂಬುದನ್ನು ಅದೇ ಸವಾರಿಯಲ್ಲಿ ಪರಿಶೀಲಿಸಿಕೊಂಡರೆ, ತಾಂತ್ರಿಕ ಪಟ್ಟಿ ಹೇಳದ ವಿಷಯಗಳಲ್ಲಿ ಬಹುಪಾಲು ತಿಳಿದಂತಾಗುತ್ತದೆ.