ನ್ವೋಯೆ ಕೇಳಿದ ಹಾಡು

ಚಿನುವ ಅಚಿಬೆಯ ‘ಥಿಂಗ್ಸ್ ಫಾಲ್ ಅಪಾರ್ಟ್’ (1958) ಕಾದಂಬರಿ ಓದಿದವರು ಅದರಲ್ಲಿ ಬರುವ ದುಭಾಷಿಯನ್ನು ಮರೆಯುವುದು ಕಷ್ಟ. ಎಂಬಾಂಟ ಎಂಬ ಹಳ್ಳಿಗೆ ಬಂದ ಬಿಳಿಯ ಪಾದ್ರಿಯ ಮಾತನ್ನು ಅವನು ಇಗ್ಬೊ ಭಾಷೆಗೆ ದಾಟಿಸುತ್ತಾನೆ. ಅವನೂ ಇಗ್ಬೊನೇ, ಆದರೆ ಬೇರೆ ಸೀಮೆಯವನು. ‘ನಾನೇ’ ಎನ್ನಬೇಕಾದ ಕಡೆಯಲ್ಲೆಲ್ಲ ಅವನ ಬಾಯಲ್ಲಿ ಬರುವ ಮಾತು ಊರಿನವರಿಗೆ ‘ನನ್ನ ಕುಂಡೆ’ ಎಂದು ಕೇಳಿಸುತ್ತದೆ. ಜನ ನಗುತ್ತಾರೆ. ಎಂ.ಎ. ತರಗತಿಯಲ್ಲಿ ನಾವೂ ನಕ್ಕಿದ್ದೆವು. ವಸಾಹತುಶಾಹಿಯ ಮಾತು ಎಡವಿ ಬೀಳುವ ಪ್ರಸಂಗವಿದು ಎಂದು ಪರೀಕ್ಷೆಯಲ್ಲಿ ಬರೆದೂ ಬಂದಿದ್ದೆವು.

ಆಗ ನಾನು ಸರಿಯಾಗಿ ಗಮನಿಸದೇ ಹೋದದ್ದು ಒಕೊಂಕ್ವೊನ ಮಗ ನ್ವೋಯೆಯನ್ನು. ತ್ರಿಯೇಕ ದೇವರ ತರ್ಕ ಅವನಿಗೆ ಅರ್ಥವಾಗುವುದಿಲ್ಲ. ಅವನನ್ನು ಹಿಡಿದು ನಿಲ್ಲಿಸುವುದು ಒಂದು ಹಾಡು. ಕತ್ತಲಲ್ಲಿ, ಭಯದಲ್ಲಿ ಬದುಕುವ ಸೋದರರ ಹಾಡು. ಕಾಡಿಗೆ ಎಸೆದ ಅವಳಿ ಕೂಸುಗಳ ಅಳು, ಮೂರು ವರ್ಷ ಅಣ್ಣನಂತೆ ಜೊತೆಗಿದ್ದು ಕೊಲೆಯಾದ ಇಕೆಮೆಫುನ, ಇವೆರಡನ್ನೂ ಯಾರ ಮುಂದೆಯೂ ಹೇಳಿಕೊಳ್ಳಲಾಗದೆ ಒಳಗೇ ಇಟ್ಟುಕೊಂಡಿದ್ದ ಹುಡುಗ ಅವನು. ಆ ಹಾಡನ್ನು ಬಿಡಿಸಿ ಹೇಳುವವನು ಜನ ನಕ್ಕ ಅದೇ ದುಭಾಷಿ ಎಂಬುದನ್ನು ನಾವು ಮರೆಯಬಾರದು.

ಆದರೆ ಹಾಡಿಗೆ ಕರಗುವ ಈ ಕಿವಿಯನ್ನು ಅವನಿಗೆ ಕೊಟ್ಟವರು ಯಾರು? ಉತ್ತರ ಕಾದಂಬರಿಯಲ್ಲಿ ಮೊದಲೇ ಬಂದುಹೋಗಿದೆ. ಅಪ್ಪನ ಯುದ್ಧದ ಕಥೆಗಳಿಗಿಂತ ನ್ವೋಯೆಗೆ ಇಷ್ಟವಾದದ್ದು ಅಮ್ಮ ಹೇಳುತ್ತಿದ್ದ ಕಥೆಗಳು. ಅವುಗಳಲ್ಲೊಂದರಲ್ಲಿ ಮುನಿಸಿಕೊಂಡ ಆಕಾಶ ಮಳೆ ಸುರಿಸುವುದನ್ನೇ ನಿಲ್ಲಿಸಿಬಿಡುತ್ತದೆ. ರಣಹದ್ದು ಹೋಗಿ ಮನುಷ್ಯರ ಸಂಕಟವನ್ನು ಹಾಡಿದಾಗ ಅದರ ಮನಸ್ಸು ಕರಗುತ್ತದೆ. ಮಿಷನ್ನಿನ ಹಾಡು ನ್ವೋಯೆಯನ್ನು ತಲುಪಿದ್ದು ಅಮ್ಮ ಸವೆಸಿದ ಹಾದಿಯಲ್ಲಿ. ಹಾಡಿದವರಿಗೆ ಅದು ಗೊತ್ತಿರಲಿಲ್ಲ, ಅವರು ಕೇಳಲೂ ಇಲ್ಲ.

ಕೇಳದೇ ಹೋದದ್ದರ ಬೆಲೆ ‘ನೋ ಲಾಂಗರ್ ಅಟ್ ಈಸ್’ (1960) ಕಾದಂಬರಿಯಲ್ಲಿ ಕಾಣುತ್ತದೆ. ನ್ವೋಯೆ ಈಗ ಐಸಾಕ್. ತಂದೆಯ ಕೈಯಿಂದ ಬಲಿಯಾಗದೆ ಉಳಿದ ಮಗನ ಹೆಸರು ಅದು. ಅದೇ ಐಸಾಕ್ ತನ್ನ ಹೆಂಡತಿ ಮಕ್ಕಳಿಗೆ ಜನಪದ ಕಥೆ ಹೇಳದಂತೆ ತಡೆಯುತ್ತಾನೆ. ಶಾಲೆಯಲ್ಲಿ ಕಥೆ ಹೇಳು ಎಂದಾಗ ಮಗ ಒಬಿಗೆ ಬಾಯಿ ಬರುವುದಿಲ್ಲ. ಗಂಡ ಪ್ರಾರ್ಥನಾ ಕೂಟಕ್ಕೆ ಹೋದಾಗ ತಾಯಿ ಗುಟ್ಟಾಗಿ ಒಂದು ಕಥೆ ಹೇಳಿಕೊಡಬೇಕಾಗುತ್ತದೆ. ಒಂದು ಹಾಡಿನಿಂದ ಬಿಡುಗಡೆ ಪಡೆದವನ ಮನೆಯಲ್ಲೇ ಕಥೆಗೆ ಬಾಗಿಲು ಮುಚ್ಚಿದೆ.

ಇದನ್ನು ಮತ್ತೆ ಓದುವಾಗ ನನಗೆ ನಮ್ಮ ಹಾಸ್ಟೆಲಿನ ಹತ್ತಿರದ ಸಂಜೆ ತರಗತಿ ನೆನಪಾಯಿತು. ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳಿಗೆ ಅಲ್ಲಿ ಕನ್ನಡ ಕಲಿಸುತ್ತಿದ್ದೆ. ಒಂದು ತಿಂಗಳು ಬಾಯಿ ಬಿಡದ ಹುಡುಗಿಯೊಬ್ಬಳು ಒಂದು ದಿನ ನಮ್ಮ ಶಿಶುಗೀತೆಯನ್ನು ರಾಗ ತಪ್ಪದೆ ಹಾಡಿದಳು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಆ ಸಂತೋಷ ಸುಳ್ಳಲ್ಲ, ಪಾದ್ರಿಯದೂ ಸುಳ್ಳಾಗಿರಲಿಕ್ಕಿಲ್ಲ. ಆದರೆ ನಿಮ್ಮ ಮನೆಯಲ್ಲಿ ಯಾವ ಹಾಡು ಹಾಡುತ್ತಾರೆ ಎಂದು ನಾನು ಅವಳನ್ನು ಕೇಳಲಿಲ್ಲ. ಅಲ್ಲಿ ಕೆಲಸ ಮುಗಿದ ಮೇಲೆ ಅವರು ಬೇರೆ ಊರಿಗೆ ಹೋದರು.

ನ್ವೋಯೆಯ ಪ್ರಸಂಗವನ್ನು ಮತಾಂತರದ ಕಥೆಯೆಂದು ಓದುವುದು ಸುಲಭ. ನನಗೀಗ ಅದು ಕಲಿಸುವವರೆಲ್ಲರ ಕಥೆಯಾಗಿ ಕಾಣುತ್ತದೆ. ಮಗುವಿನ ಕಿವಿ ನಮಗೆ ಸಿಕ್ಕಿತೆಂದು ಹಿಗ್ಗುವ ಹೊತ್ತಿನಲ್ಲಿ ಅದರ ಬಾಯಲ್ಲಿ ಏನಿತ್ತು ಎಂದು ಕೇಳುವುದನ್ನು ಮರೆಯುತ್ತೇವೆ.