ಗಮಕ ಬಿಟ್ಟ ಗಿಟಾರು

ರೋಲಿಂಗ್ ಸ್ಟೋನ್ಸ್ ತಂಡದ ‘ಸ್ಯಾಟಿಸ್‌ಫ್ಯಾಕ್ಷನ್’ 1965ರ ಹಾಡು. ಕೀತ್ ರಿಚರ್ಡ್ಸ್ ಅವರ ಗಿಟಾರಿನಿಂದ ಬರುವ ಆ ಗೊಗ್ಗರು ದನಿಯ ಆರಂಭ ಕಿವಿಗೆ ಬಿದ್ದರೆ ಸಾಕು, ಹಾಡು ಯಾವುದೆಂದು ಯಾರೂ ಹೇಳಬೇಕಿಲ್ಲ. ಹನ್ನೆರಡು ವರ್ಷ ಕಳೆದ ಮೇಲೆ ಅಮೆರಿಕದ ಓಹಾಯೊ ರಾಜ್ಯದ ಡೆವೊ ಎಂಬ ತಂಡ ಅದೇ ಹಾಡನ್ನು ಹೊಸದಾಗಿ ಮಾಡಿತು. ಮೊದಲು ಕಿತ್ತುಹಾಕಿದ್ದೇ ಆ ಆರಂಭವನ್ನು. ಅದರ ಜಾಗಕ್ಕೆ ಬಂದದ್ದು ಚೂರು ಚೂರಾಗಿ ತುಂಡರಿಸಿದ ಗಿಟಾರು, ನಾವು ಕಾಯುವ ಕಡೆ ಬೀಳದೆ ಪಕ್ಕಕ್ಕೆ ಸರಿದು ಬೀಳುವ ಡ್ರಮ್ಮಿನ ಪೆಟ್ಟು, ಏನೋ ಅನಾಹುತ ಆಗಲಿದೆ ಎಂದು ಕಂಗಾಲಾದವರ ಹಾಗೆ ಹಾಡುವ ಮಾರ್ಕ್ ಮದರ್ಸ್‌ಬಾ. ಒಂದು ಕಡೆ ಅವರು ಒಂದೇ ಪದವನ್ನು ಉಸಿರು ಬಿಡದೆ ಒದರುತ್ತಾ ಹೋಗುತ್ತಾರೆ. ಹಿಂದಿನ ತಾಳ ಒಂದಿಷ್ಟೂ ಅಲುಗುವುದಿಲ್ಲ. ಸ್ಟೋನ್ಸ್ ಹಾಡಿಗೆ ಸೊಂಟ ಆಡುತ್ತದೆ, ಡೆವೊ ಹಾಡಿಗೆ ಮೊಣಕೈ, ಮಂಡಿ ಆಡುತ್ತವೆ. ನ್ಯೂ ವೇವ್ ಎಂದರೇನು ಎಂದು ಕೇಳಿದವರಿಗೆ ನಾನು ಈ ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿಸುತ್ತೇನೆ.

ಈ ಸಂಗೀತದ ಹೆಸರು ಹೇಳಿದರೆ ಹೆಚ್ಚಿನವರಿಗೆ ನೆನಪಾಗುವುದು ಎಂಬತ್ತರ ದಶಕದ ವಿಡಿಯೊಗಳು: ಬಣ್ಣ ಹಚ್ಚಿ ನಿಲ್ಲಿಸಿದ ಕೂದಲು, ಸಪೂರ ಟೈ, ಸಿಂಥಸೈಜರ್. ಅವೆಲ್ಲ ಇದ್ದವು. ಆದರೆ ಸಿಂಥಸೈಜರ್ ಮುಟ್ಟದ ನ್ಯೂ ವೇವ್ ಹಾಡುಗಳೂ ಬೇಕಾದಷ್ಟಿವೆ. ನನ್ನ ಕಿವಿ ಹುಡುಕುವ ಗುರುತು ಬೇರೆ. ಆಫ್ರಿಕನ್ ಅಮೆರಿಕನ್ನರ ಬ್ಲೂಸ್‌ನಿಂದ ರಾಕ್ ಸಂಗೀತ ಕಲಿತದ್ದು ತಂತಿಯನ್ನು ಎಳೆದು, ಸ್ವರವನ್ನು ಜಾರಿಸಿ, ನಡುಗಿಸಿ ನುಡಿಸುವ ಕ್ರಮ. ನಮ್ಮ ಸಂಗೀತ ಕೇಳಿದವರಿಗೆ ಅದನ್ನು ಗಮಕವೆಂದೇ ವಿವರಿಸಬಹುದು. ಜಿಮಿ ಹೆಂಡ್ರಿಕ್ಸ್, ಎರಿಕ್ ಕ್ಲ್ಯಾಪ್ಟನ್ ಅವರ ಹಿರಿಮೆಯಲ್ಲಿ ಆ ಗಮಕದ ಪಾಲು ದೊಡ್ಡದು. ನ್ಯೂ ವೇವ್ ಗಿಟಾರು ಅದನ್ನು ಬಿಟ್ಟುಕೊಟ್ಟಿತು. ಸ್ವರ ನೆಟ್ಟಗೆ ನಿಂತಿತು, ಗಿಡ್ಡವಾಯಿತು, ತಟ್ಟನೆ ಮುಗಿಯಿತು. ಮುಗಿದ ಮೇಲೆ ಉಳಿದ ಖಾಲಿ ಜಾಗವೂ ತಾಳದ ಲೆಕ್ಕಕ್ಕೆ ಸೇರಿತು. ಮೃದಂಗದವರು ಕಾರ್ವೆ ಎನ್ನುತ್ತಾರಲ್ಲ, ಹಾಗೆ.

ಬಿಡಬೇಕೆನಿಸಲು ಕಾರಣವಿತ್ತು. 1973ರ ಡಿಸೆಂಬರಿನಲ್ಲಿ ಯೆಸ್ ಎಂಬ ಬ್ರಿಟಿಷ್ ತಂಡ ‘ಟೇಲ್ಸ್ ಫ್ರಂ ಟೋಪೋಗ್ರಾಫಿಕ್ ಓಷನ್ಸ್’ ಆಲ್ಬಂ ಹೊರತಂದಿತು. ಎರಡು ಎಲ್‌ಪಿ, ನಾಲ್ಕು ಬದಿಗೆ ನಾಲ್ಕೇ ರಚನೆ, ಒಂದೊಂದೂ ಇಪ್ಪತ್ತು ನಿಮಿಷದ ಆಸುಪಾಸು. ರಾಕ್ ಆಗ ಕ್ರೀಡಾಂಗಣಗಳಿಗೆ ಹೋಗಿ ಕೂತಿತ್ತು, ವರ್ಷಗಟ್ಟಲೆ ಸಾಧನೆ ಮಾಡಿದವರಿಗೆ ಮಾತ್ರ ಎಟಕುವಂತಿತ್ತು. ಅದೇ ತಿಂಗಳು ನ್ಯೂಯಾರ್ಕಿನ ಬವರಿ ಬೀದಿಯಲ್ಲಿ ಹಿಲ್ಲಿ ಕ್ರಿಸ್ಟಲ್ ಅವರು ಸಿಬಿಜಿಬಿ ಎಂಬ ಬಾರ್ ತೆರೆದರು. ಮನೆ ಮಠ ಇಲ್ಲದವರು, ಕುಡಿದು ಬಿದ್ದವರು ತುಂಬಿದ್ದ ಬೀದಿ ಅದು. ಕಂಟ್ರಿ, ಬ್ಲೂಗ್ರಾಸ್, ಬ್ಲೂಸ್ ನುಡಿಸಲೆಂದೇ ಬಾರಿಗೆ ಆ ಹೆಸರು. ಚರಿತ್ರೆಯಾದದ್ದು ಆ ಮೂರೂ ಅಲ್ಲ. ಸ್ವಂತ ಹಾಡನ್ನೇ ನುಡಿಸಬೇಕು ಎಂಬುದು ಕ್ರಿಸ್ಟಲ್ ಅವರ ಷರತ್ತು. ಬಾರಿನಲ್ಲಿ ನುಡಿಸುವವರು ಬೇರೆಯವರ ಹಿಟ್ ಹಾಡನ್ನೇ ನುಡಿಸುವುದು ರೂಢಿಯಾಗಿದ್ದ ಕಾಲದಲ್ಲಿ ಆ ಷರತ್ತೇ ಬಾಗಿಲು ತೆರೆಯಿತು. 1974ರಲ್ಲಿ ಟೆಲಿವಿಷನ್ ಎಂಬ ತಂಡ ಬಂತು, ರಮೋನ್ಸ್ ಬಂದರು, ಬ್ಲಾಂಡಿ ಬಂತು. 1975ರ ಜೂನ್‌ನಲ್ಲಿ ರಮೋನ್ಸ್ ಕಛೇರಿಗೆ ಮುಂಚೆ ನುಡಿಸಲೆಂದು ಟಾಕಿಂಗ್ ಹೆಡ್ಸ್ ಬಂತು.

ಇವರೆಲ್ಲರಿಗೂ ಮೊದಮೊದಲು ಅಂಟಿದ್ದು ಪಂಕ್ ಎಂಬ ಹೆಸರು. 1976ರ ಡಿಸೆಂಬರ್ 1ರಂದು ಸೆಕ್ಸ್ ಪಿಸ್ಟಲ್ಸ್ ಎಂಬ ಪಂಕ್ ತಂಡ ಲಂಡನ್ನಿನ ಟಿವಿ ನೇರಪ್ರಸಾರದಲ್ಲಿ ಬಾಯಿಗೆ ಬಂದಂತೆ ಬೈದು ಪತ್ರಿಕೆಗಳ ಮುಖಪುಟ ಸೇರಿತು. ಪಂಕ್ ಎಂದರೆ ರೇಡಿಯೊದವರು ಹಿಂಜರಿಯುವಂತಾಯಿತು. ರಮೋನ್ಸ್, ಟಾಕಿಂಗ್ ಹೆಡ್ಸ್ ಎರಡನ್ನೂ ಕರೆತಂದಿದ್ದ ಸೈರ್ ರೆಕಾರ್ಡ್ಸ್‌ನ ಸೀಮೋರ್ ಸ್ಟೈನ್ ಆಗ, 1977ರಲ್ಲಿ, ನ್ಯೂ ವೇವ್ ಎಂಬ ಹೆಸರನ್ನು ಮುಂದೆ ಮಾಡಿದರು. ಗೊದಾರ್, ತ್ರೂಫೊ ಅವರ ಫ್ರೆಂಚ್ ಸಿನಿಮಾ ಚಳವಳಿಯಿಂದ ಎರವಲು ತಂದದ್ದು. ಮಾರಾಟಕ್ಕೆ ಕಟ್ಟಿದ ಹೆಸರೆಂದು ಇಂದಿಗೂ ಅದನ್ನು ಹೀಗಳೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ರಮೋನ್ಸ್ 1976ರ ಮೊದಲ ಆಲ್ಬಮ್ಮಿನಲ್ಲಿ ಹದಿನಾಲ್ಕು ಹಾಡುಗಳನ್ನು ಅರ್ಧ ಗಂಟೆಯೊಳಗೆ ಮುಗಿಸಿದರು ನಿಜ. ಆದರೆ ಆ ಅರ್ಧ ಗಂಟೆಯ ಪ್ರತಿ ಮೂಲೆಯನ್ನೂ ಗಿಟಾರಿನ ಮೊರೆತದಿಂದ ತುಂಬಿದರು. ಪಂಕ್ ಹಾಡಿನ ಉದ್ದ ಕಡಿಮೆ ಮಾಡಿತು. ನ್ಯೂ ವೇವ್ ಹಾಡಿನ ಒಳಗಿನ ಸದ್ದನ್ನು ಕಡಿಮೆ ಮಾಡಿತು. ಹೆಸರು ಯಾರು ಯಾತಕ್ಕೆ ಇಟ್ಟರೇನು, ಸಂಗೀತ ಬೇರೆಯೇ ಆಗಿತ್ತು.

ಟಾಕಿಂಗ್ ಹೆಡ್ಸ್‌ನ ಡೇವಿಡ್ ಬರ್ನ್, ಕ್ರಿಸ್ ಫ್ರಾಂಟ್ಸ್, ಟೀನಾ ವೇಮೌತ್ ಮೂವರೂ ರೋಡ್ ಐಲೆಂಡಿನ ಡಿಸೈನ್ ಶಾಲೆಯಲ್ಲಿ ಕಲಿತವರು. ತಂಡಕ್ಕೆ ಬೇಸ್ ನುಡಿಸುವವರು ಸಿಗಲಿಲ್ಲವೆಂದು ವೇಮೌತ್ ಅದನ್ನು ಹೊಸದಾಗಿ ಕಲಿತರು. 1977ರ ‘ಸೈಕೊ ಕಿಲ್ಲರ್’ ಹಾಡಿನ ಆರಂಭದಲ್ಲಿ ಕೇಳುವುದು ಅವರ ಬೇಸ್. ಒಂದೇ ಸ್ವರವನ್ನು ಒಂದೇ ಅಳತೆಯಲ್ಲಿ ಮೀಟುತ್ತಾ ಹೋಗಿ, ಕೊನೆಗೆ ಎರಡು ಸ್ವರ ಮಾತ್ರ ಆಚೀಚೆ ಸರಿದು ಮತ್ತೆ ಅಲ್ಲಿಗೇ ಬರುತ್ತಾರೆ. ಕೈಚಳಕ ತೋರಿಸುವ ಆಸೆ ಇದ್ದವರು ಈ ಸಾಲು ಕಟ್ಟುತ್ತಿರಲಿಲ್ಲ. ಅದರ ಮೇಲೆ ಬರ್ನ್ ಅವರ ಗಿಟಾರು ತೆಳ್ಳಗೆ, ಗೊಗ್ಗರಿಲ್ಲದೆ, ಒಣ ದನಿಯಲ್ಲಿ ಚಕ್ ಚಕ್ ಎನ್ನುತ್ತದೆ. ಕಂಠವಂತೂ ರಾಕ್ ಗಾಯಕರದಲ್ಲ. ಎತ್ತರಕ್ಕೆ ಹೋಗುವಾಗ ಒಡೆಯುತ್ತದೆ, ನಡುವೆ ತಡವರಿಸುತ್ತದೆ. ಹೆಣ್ಣು, ಹೆದ್ದಾರಿ, ಹೆಂಡ ಎಂಬ ರಾಕ್‌ನ ಹಳೆಯ ವಸ್ತುಗಳೂ ಇಲ್ಲಿ ಹಿಂದೆ ಸರಿದವು. ಎರಡನೆಯ ಆಲ್ಬಮ್ಮಿನ ಹೆಸರೇ ಕಟ್ಟಡ ಮತ್ತು ಊಟದ ಬಗ್ಗೆ ಇನ್ನಷ್ಟು ಹಾಡುಗಳು ಎಂದು. ಆಫೀಸು, ಅಪಾರ್ಟ್‌ಮೆಂಟು, ಟಿವಿ, ಸರ್ಕಾರ ಇವೂ ಹಾಡಿಗೆ ಬಂದವು. ನಗರದಲ್ಲಿ ದಿನ ಕಳೆಯುವ ಸಾಮಾನ್ಯ ಮನುಷ್ಯನ ಆತಂಕಕ್ಕೆ ಒಡೆಯುವ ಕಂಠವೇ ಸರಿಯಾದ ಕಂಠ.

ಈ ಆತಂಕ ವೇಷವಲ್ಲ. ಡೆವೊ ತಂಡದ ಜೆರಾಲ್ಡ್ ಕಸಾಲೆ ಓಹಾಯೊದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದವರು. 1970ರ ಮೇ 4ರಂದು ಯುದ್ಧವಿರೋಧಿ ಪ್ರತಿಭಟನೆಯ ಮೇಲೆ ನ್ಯಾಷನಲ್ ಗಾರ್ಡ್ ಗುಂಡು ಹಾರಿಸಿ ನಾಲ್ವರು ವಿದ್ಯಾರ್ಥಿಗಳು ಸತ್ತಾಗ ಅವರು ಅಲ್ಲೇ ಇದ್ದರು. ಸತ್ತವರಲ್ಲಿ ಇಬ್ಬರು ಅವರಿಗೆ ಪರಿಚಿತರು. ಮನುಷ್ಯ ಮುಂದೆ ಹೋಗುತ್ತಿಲ್ಲ, ಹಿಂದಕ್ಕೆ ಹೋಗುತ್ತಿದ್ದಾನೆ ಎಂಬ ಡೆವೊ ತತ್ವ ಗಟ್ಟಿಯಾದದ್ದು ಆ ದಿನದಿಂದ. ಕೆಂಪು ಮೆಟ್ಟಿಲು ಟೋಪಿ ಹಾಕಿಕೊಂಡು ಯಂತ್ರಗಳಂತೆ ಕೈಕಾಲು ಆಡಿಸುವ ಅವರನ್ನು ಕೋಮಾಳಿಗಳೆಂದು ತಳ್ಳಿಹಾಕುವವರು ಇದನ್ನು ತಿಳಿದಿರಬೇಕು.

ಜಾರ್ಜಿಯಾ ರಾಜ್ಯದ ಆ್ಯಥೆನ್ಸ್ ಊರಿನ ಬಿ-52ಸ್ ತಂಡದಲ್ಲಿ ಬೇಸ್ ಗಿಟಾರಿನವರೇ ಇರಲಿಲ್ಲ. ರಿಕಿ ವಿಲ್ಸನ್ ತಮ್ಮ ಗಿಟಾರಿನ ನಡುವಿನ ತಂತಿಗಳನ್ನು ತೆಗೆದು, ಉಳಿದವನ್ನು ತಮಗೆ ಬೇಕಾದಂತೆ ಶ್ರುತಿ ಮಾಡಿಕೊಂಡು ನುಡಿಸುತ್ತಿದ್ದರು. ‘ರಾಕ್ ಲಾಬ್‌ಸ್ಟರ್’ ಹಾಡಿನ ಆ ಟೊಣಟೊಣ ಗಿಟಾರು ಹುಟ್ಟಿದ್ದು ಹಾಗೆ. ಇಂಗ್ಲೆಂಡಿನ ಸ್ವಿಂಡನ್ ಊರಿನ ಎಕ್ಸ್‌ಟಿಸಿ ತಂಡ 1979ರ ‘ಮೇಕಿಂಗ್ ಪ್ಲಾನ್ಸ್ ಫಾರ್ ನೈಜೆಲ್’ ಹಾಡಿನಲ್ಲಿ ಡ್ರಮ್ಮನ್ನೇ ತಲೆಕೆಳಗು ಮಾಡಿತು: ಸಣ್ಣ ತಾಳದ ತಟ್ಟೆ ಮಾಡಬೇಕಾದ ಎಣಿಕೆಯ ಕೆಲಸವನ್ನು ದಪ್ಪ ದನಿಯ ಟಾಮ್ ಎಂಬ ಡ್ರಮ್ಮಿಗೆ ಕೊಟ್ಟಿತು.

ಖಾಲಿ ಜಾಗದ ಈ ಕಲೆಯನ್ನು ಇವರು ಶೂನ್ಯದಿಂದ ಕಂಡುಹಿಡಿಯಲಿಲ್ಲ ಎಂಬುದನ್ನು ಮರೆಯಬಾರದು. ಬ್ಲೂಸ್ ಬಿಟ್ಟವರು ಕೈಚಾಚಿದ್ದು ಕಪ್ಪು ಜನರ ಬೇರೆ ಸಂಗೀತಗಳ ಕಡೆಗೇ. ಜಮೈಕಾದ ರೆಗೆಯಲ್ಲಿ ಗಿಟಾರು ಪೆಟ್ಟಿನ ಮೇಲೆ ಬೀಳುವುದಿಲ್ಲ, ಪೆಟ್ಟುಗಳ ನಡುವೆ ಬೀಳುತ್ತದೆ. ದಿ ಪೊಲೀಸ್ ತಂಡ ತನ್ನ ಇಡೀ ಶೈಲಿಯನ್ನು ಕಟ್ಟಿದ್ದು ಅದರ ಮೇಲೆ. 1980ರ ಮಾರ್ಚ್‌ನಲ್ಲಿ ಅವರು ಬಾಂಬೆಗೂ ಬಂದು ನುಡಿಸಿದರು. ಪಾಶ್ಚಾತ್ಯ ತಂಡವೊಂದು ಹೆಸರಿನ ಏರುಹೊತ್ತಿನಲ್ಲೇ ಇಲ್ಲಿಗೆ ಬಂದದ್ದು ಆ ಕಾಲಕ್ಕೆ ಅಪರೂಪ. ಟಾಕಿಂಗ್ ಹೆಡ್ಸ್ ಇನ್ನೂ ದೂರ ಹೋಯಿತು. ನಿರ್ಮಾಪಕ ಬ್ರಯಾನ್ ಇನೋ ಜೊತೆ ಸೇರಿ, ನೈಜೀರಿಯಾದ ಫೆಲಾ ಕುಟಿ ಅವರ ಆಫ್ರೊಬೀಟ್ ಸಂಗೀತದಲ್ಲಿ ಮುಳುಗಿ, 1980ರಲ್ಲಿ ‘ರಿಮೇನ್ ಇನ್ ಲೈಟ್’ ಆಲ್ಬಂ ಮಾಡಿತು. ಅದರಲ್ಲಿನ ‘ಒನ್ಸ್ ಇನ್ ಎ ಲೈಫ್‌ಟೈಮ್’ ಹಾಡಿನ ಬೇಸ್ ಉದ್ದಕ್ಕೂ ಒಂದೇ ಪುಟ್ಟ ತುಣುಕು. ಮೀಟುತ್ತದೆ, ನಿಲ್ಲುತ್ತದೆ, ಮೀಟುತ್ತದೆ. ತಾಳದ ಸಮ ಎಲ್ಲಿದೆ ಎಂಬ ಬಗ್ಗೆ ಇನೋ ಅವರ ಕಿವಿಯೂ ತಂಡದವರ ಕಿವಿಯೂ ಒಂದಾಗಿರಲಿಲ್ಲ. ಮೂರನೆಯ ಪೆಟ್ಟು ಇನೋ ಅವರಿಗೆ ಮೊದಲನೆಯದಾಗಿ ಕೇಳಿತ್ತು. ಯಾರೂ ಅದನ್ನು ಸರಿಮಾಡಲು ಹೋಗಲಿಲ್ಲ. ಹಾಡಿನ ನೆಲ ಸ್ವಲ್ಪ ಜರುಗಿದಂತೆ ಅನ್ನಿಸುವುದರಲ್ಲಿ ಅದರ ಪಾಲೂ ಇದೆ. ಕೈಯಲ್ಲಿ ತಾಳ ಹಾಕಿಕೊಂಡು ಕೇಳುವ ಅಭ್ಯಾಸ ಇರುವ ನಮ್ಮವರಿಗೆ ಇದು ಚೆನ್ನಾಗಿ ತಿಳಿಯುತ್ತದೆ. ನನ್ನ ಮಟ್ಟಿಗೆ ನ್ಯೂ ವೇವ್‌ನ ಶಿಖರ ಈ ಆಲ್ಬಂ.

ಇನ್ನು ಸಿಂಥಸೈಜರ್ ವಿಷಯ. ಗ್ಯಾರಿ ನ್ಯೂಮನ್ ಪಂಕ್ ಆಲ್ಬಂ ಮಾಡಲೆಂದು ಸ್ಟುಡಿಯೊಗೆ ಹೋದವರು. ಹಿಂದೆ ಬಂದಿದ್ದ ಯಾರೋ ಬಿಟ್ಟುಹೋಗಿದ್ದ ಮಿನಿಮೂಗ್ ಎಂಬ ಸಿಂಥಸೈಜರ್ ಅಲ್ಲಿತ್ತು. ಒಂದು ಮನೆ ಒತ್ತಿ ನೋಡಿದರು. ಕೋಣೆಯೇ ನಡುಗುವಂಥ ದನಿ ಬಂತು. 1979ರಲ್ಲಿ ಅವರ ‘ಆರ್ ಫ್ರೆಂಡ್ಸ್ ಎಲೆಕ್ಟ್ರಿಕ್?’ ಬ್ರಿಟನ್ನಿನಲ್ಲಿ ನಾಲ್ಕು ವಾರ ಮೊದಲ ಸ್ಥಾನದಲ್ಲಿತ್ತು. ಐದು ನಿಮಿಷಕ್ಕೂ ಹೆಚ್ಚು ಉದ್ದ. ಎಲ್ಲರೂ ಕೂಡಿ ಹಾಡುವಂಥ ಪಲ್ಲವಿಯೂ ಇಲ್ಲ. ಗೆದ್ದದ್ದು ಆ ದನಿ. ಮಿನಿಮೂಗ್ ಒಂದು ಸಲಕ್ಕೆ ಒಂದೇ ಸ್ವರ ನುಡಿಸಬಲ್ಲದು, ಬೆರಳು ಎತ್ತಿದರೆ ದನಿ ಕಡಿದುಬಿಡುವಂತೆ ಅದನ್ನು ಹದ ಮಾಡಬಹುದು. ಗಿಟಾರಿನಲ್ಲಿ ಶಿಸ್ತಿನಿಂದ ಸಾಧಿಸಿದ್ದನ್ನು ಈ ಯಂತ್ರ ಹುಟ್ಟುಗುಣವಾಗಿ ಪಡೆದಿತ್ತು. ಹಾಗಾಗಿಯೇ ಅದು ಈ ಸಂಗೀತಕ್ಕೆ ಒಗ್ಗಿತು.

ಬ್ಲಾಂಡಿಯ ‘ಹಾರ್ಟ್ ಆಫ್ ಗ್ಲಾಸ್’ 1975ರಿಂದ ತಂಡದ ಜೋಳಿಗೆಯಲ್ಲಿ ಬಿದ್ದಿದ್ದ ಹಾಡು. 1978ರಲ್ಲಿ ನಿರ್ಮಾಪಕ ಮೈಕ್ ಚಾಪ್ಮನ್ ಅದನ್ನು ಹೊರತೆಗೆಸಿ, ರೋಲೆಂಡ್ ಕಂಪನಿಯ ಸಿಆರ್-78 ಎಂಬ ತಾಳಯಂತ್ರಕ್ಕೆ ಕೂಡಿಸಿದರು. ಯಂತ್ರದ ಟಿಕಿಟಿಕಿಯ ಮೇಲೆ ತಂಡದ ಕ್ಲೆಮ್ ಬರ್ಕ್ ನಿಜವಾದ ಡ್ರಮ್ ನುಡಿಸಬೇಕಾಯಿತು, ಕೂದಲೆಳೆಯಷ್ಟೂ ಹಿಂದೆಮುಂದೆ ಆಗದಂತೆ. ನಡುವಿನ ವಾದ್ಯಭಾಗದಲ್ಲಿ ನಾಲ್ಕರ ಎಣಿಕೆಯಲ್ಲಿ ಒಂದು ಪೆಟ್ಟು ಕಳಚಿಹೋಗುತ್ತದೆ. ಕುಣಿಯುತ್ತಿರುವವರ ಕಾಲು ಒಂದು ಕ್ಷಣ ಎಡವುತ್ತದೆ. ಪಂಕ್ ಹುಡುಗರು ಡಿಸ್ಕೊಗೆ ಮಾರಿಕೊಂಡರು ಎಂದು ಆಗ ಗಲಾಟೆಯೆದ್ದಿತು. ಕಳಚಿದ ಆ ಪೆಟ್ಟನ್ನು ಕೇಳಿದವರು ಹಾಗೆನ್ನಲಾರರು.

ಉಕ್ಕಿನ ಊರಾದ ಶೆಫೀಲ್ಡಿನ ಹ್ಯೂಮನ್ ಲೀಗ್ ತಂಡದ 1981ರ ‘ಡೇರ್’ ಆಲ್ಬಮ್ಮಿನಲ್ಲಿ ಡ್ರಮ್ ನುಡಿಸುವವರೇ ಇರಲಿಲ್ಲ. ನಿಜವಾದ ಡ್ರಮ್ಮಿನ ದನಿಯನ್ನು ಚಿಪ್‌ಗಳಲ್ಲಿ ಹಿಡಿದಿಟ್ಟ ಲಿನ್ ಎಲ್‌ಎಂ-1 ಯಂತ್ರ ಅವರ ತಾಳ. ಹಾಡಲು ತಂಡದ ಗಾಯಕ ಫಿಲ್ ಓಕಿ ಕರೆತಂದದ್ದು ನೈಟ್‌ಕ್ಲಬ್ಬಿನಲ್ಲಿ ಕುಣಿಯುತ್ತಿದ್ದ ಇಬ್ಬರು ಶಾಲಾ ಹುಡುಗಿಯರನ್ನು. ತರಬೇತಿಯಿಲ್ಲದ ಆ ಕಂಠಗಳು ಯಂತ್ರದ ನಡುವೆ ಕೇಳಿದಾಗ ಅವಕ್ಕೆ ಬರುವ ಆತ್ಮೀಯತೆಯನ್ನು ನುರಿತ ಗಾಯಕಿಯರು ತರಲಾರರು. ಅದೇ ವರ್ಷ ಆಗಸ್ಟ್ 1ರಂದು ಅಮೆರಿಕದಲ್ಲಿ ಎಂಟಿವಿ ಶುರುವಾಯಿತು. ತೋರಿಸಲು ವಿಡಿಯೊ ಬೇಕಿತ್ತು, ಬ್ರಿಟಿಷ್ ತಂಡಗಳ ಹತ್ತಿರ ಇದ್ದವು. ಡುರಾನ್ ಡುರಾನ್ ತಂಡ ಶ್ರೀಲಂಕಾಕ್ಕೆ ಹೋಗಿ ಚಿತ್ರೀಕರಿಸಿ ಬಂತು. ಹೆಚ್ಚಿನವರಿಗೆ ನೆನಪಿರುವ ಆ ಕೂದಲು, ಟೈಗಳ ವಿಡಿಯೊ ಕಾಲ ಶುರುವಾದದ್ದು ಹೀಗೆ.

ನ್ಯೂ ವೇವ್ ಮುಗಿದದ್ದು ಎಂಟಿವಿಯಿಂದ ಎನ್ನುವವರಿದ್ದಾರೆ. ನನ್ನ ಕಿವಿಗೆ ಅದು ಮುಗಿದದ್ದು ಡ್ರಮ್ಮಿನ ಸದ್ದಿನಿಂದ. ಎಕ್ಸ್‌ಟಿಸಿಯ ‘ನೈಜೆಲ್’ ಧ್ವನಿಮುದ್ರಣವಾದದ್ದು ಲಂಡನ್ನಿನ ಟೌನ್‌ಹೌಸ್ ಸ್ಟುಡಿಯೊದಲ್ಲಿ. ಎಂಜಿನಿಯರ್ ಹ್ಯೂ ಪ್ಯಾಜಮ್, ನಿರ್ಮಾಪಕ ಸ್ಟೀವ್ ಲಿಲ್ಲಿವೈಟ್. ಅದೇ ಸ್ಟುಡಿಯೊದಲ್ಲಿ ಅದೇ ಇಬ್ಬರು ಪೀಟರ್ ಗೇಬ್ರಿಯಲ್ ಅವರ 1980ರ ಆಲ್ಬಮ್ಮಿಗೆ ಫಿಲ್ ಕಾಲಿನ್ಸ್ ಅವರ ಡ್ರಮ್ಮನ್ನು ಹೊಸ ಬಗೆಯಲ್ಲಿ ಹಿಡಿದರು: ಪೆಟ್ಟು ಬಿದ್ದೊಡನೆ ಇಡೀ ಕೋಣೆಯ ಮಾರ್ದನಿ ಸ್ಫೋಟಿಸಿ, ಫಕ್ಕನೆ ಕತ್ತರಿಸಿಹೋಗುವುದು. ಅವರ ಕೈಯಲ್ಲಿ ಅದು ಸೊಗಸು. ಆದರೆ ಎಂಬತ್ತರ ನಡುವಿನ ಹೊತ್ತಿಗೆ ಕಂಡಕಂಡವರೆಲ್ಲ ಅದನ್ನು ಹಚ್ಚಿಕೊಂಡರು. ಪ್ರತಿ ಪೆಟ್ಟೂ ಗುಡಾರದಷ್ಟು ದೊಡ್ಡದಾಯಿತು, ಸ್ವರಗಳ ನಡುವೆ ಬಿಟ್ಟಿದ್ದ ಜಾಗವನ್ನೆಲ್ಲ ಆ ಸದ್ದು ನುಂಗಿತು. ಕೂದಲು, ಟೈ, ಸಿಂಥಸೈಜರ್ ಹಾಗೇ ಇದ್ದವು, ಸಂಗೀತ ಬೇರೆಯಾಗಿತ್ತು.

ಹೊಸದಾಗಿ ಕೇಳುವವರು ‘ಸ್ಟಾಪ್ ಮೇಕಿಂಗ್ ಸೆನ್ಸ್’ ಚಿತ್ರದಿಂದ ಶುರು ಮಾಡಿ. 1983ರ ಡಿಸೆಂಬರಿನಲ್ಲಿ ಹಾಲಿವುಡ್‌ನ ಪ್ಯಾಂಟೇಜಸ್ ರಂಗಮಂದಿರದಲ್ಲಿ ಟಾಕಿಂಗ್ ಹೆಡ್ಸ್ ಕೊಟ್ಟ ಕಛೇರಿಗಳನ್ನು ಜೊನಾಥನ್ ಡೆಮ್ಮಿ ಚಿತ್ರೀಕರಿಸಿದ್ದಾರೆ. ಬರಿಯ ವೇದಿಕೆಗೆ ಮೊದಲು ಬರ್ನ್ ಒಬ್ಬರೇ ಬರುತ್ತಾರೆ. ಎರಡನೇ ಹಾಡಿಗೆ ವೇಮೌತ್, ಮೂರನೆಯದಕ್ಕೆ ಫ್ರಾಂಟ್ಸ್, ನಾಲ್ಕನೆಯದಕ್ಕೆ ಜೆರ್ರಿ ಹ್ಯಾರಿಸನ್. ಒಬ್ಬೊಬ್ಬರು ಸೇರಿದಾಗ ಹಾಡಿಗೆ ಏನು ಸೇರಿತು ಎಂದು ಬಿಡಿಬಿಡಿಯಾಗಿ ಕೇಳಿಸುವ ಇಂಥ ಪಾಠ ಇನ್ನೊಂದಿಲ್ಲ. ‘ಬರ್ನಿಂಗ್ ಡೌನ್ ದಿ ಹೌಸ್’ ಹೊತ್ತಿಗೆ ವೇದಿಕೆಯಲ್ಲಿ ಒಂಬತ್ತು ಜನ. ಅಲ್ಲಿ ಕೀಬೋರ್ಡಿನ ಬರ್ನೀ ವೊರೆಲ್ ಎಲ್ಲೆಲ್ಲಿ ನುಡಿಸದೆ ಬಿಡುತ್ತಾರೆ ಎಂದು ಗಮನವಿಟ್ಟು ಕೇಳಿ. ಮೊಬೈಲಿನ ಸ್ಪೀಕರ್ ಬೇಡ, ಬೇಸ್ ಸರಿಯಾಗಿ ಕೇಳುವ ಹೆಡ್‌ಫೋನ್ ಇರಲಿ.