ಬಂಡೆ ಬುಡದ ಕೆಮ್ಮಣ್ಣು

ಬರಗೂರು, ಶಿರಾ ಕಡೆಯವರು ಲಾಲ್‌ಬಾಗಿಗೆ ಹೋದರೆ ಫಲಪುಷ್ಪ ಪ್ರದರ್ಶನ ನೋಡಿ, ಗಾಜಿನಮನೆ ಮುಂದೆ ಫೋಟೊ ತೆಗೆಸಿಕೊಂಡು ಬಸ್ಸು ಹತ್ತುತ್ತಾರೆ. ಆ ತೋಟಕ್ಕೂ ನಮಗೂ ಹಳೇ ನಂಟು. 1760ರಲ್ಲಿ ಹೈದರಾಲಿ ಅದನ್ನು ಮಾಡಿಸಹೊರಟಾಗ ಅವನ ಕಣ್ಣಮುಂದಿದ್ದದ್ದು ಶಿರಾದ ಮೊಗಲರ ತೋಟ ಎನ್ನುತ್ತಾರೆ. ಮಾದರಿ ನಮ್ಮದೇ ಇರಲಿ, ಮಣ್ಣು ಅಲ್ಲಿಯದು. ಅದರ ಹುಟ್ಟು ನೋಡಬೇಕಾದರೆ ಕೆಂಪೇಗೌಡರ ಗೋಪುರ ನಿಂತ ಬಂಡೆಯ ಬುಡಕ್ಕೇ ಹೋಗಬೇಕು.

ಸುಮಾರು 300 ಕೋಟಿ ವರ್ಷದ ನೈಸ್ ಶಿಲೆ ಅದು. ಬಗ್ಗಿ ನೋಡಿದರೆ ಬಿಳಿ, ಕಪ್ಪು ಪಟ್ಟೆಗಳು ಬಳುಕಿಕೊಂಡು ಸಾಗಿರುವುದು ಕಾಣುತ್ತದೆ. ಬಿಳಿಯದರಲ್ಲಿ ಫೆಲ್ಡ್‌ಸ್ಪಾರ್, ಬೆಣಚುಕಲ್ಲು. ಕಪ್ಪಿನಲ್ಲಿ ಕಬ್ಬಿಣ ತುಂಬಿದ ಕಾಗೆಬಂಗಾರ. ಮಳೆನೀರು ಗಾಳಿಯಿಂದ ಎಳೆದುಕೊಂಡ ಚೂರು ಹುಳಿ ಸಾಕು, ಫೆಲ್ಡ್‌ಸ್ಪಾರ್ ಕರಗಿ ಜೇಡಿಯಾಗುತ್ತದೆ. ಕಬ್ಬಿಣ ತುಕ್ಕು ಹಿಡಿದು ಕೆಂಪಾಗುತ್ತದೆ. ಬೆಣಚುಕಲ್ಲು ಮಾತ್ರ ಯಾವುದಕ್ಕೂ ಜಗ್ಗದೆ ಮರಳಾಗಿ ಉಳಿಯುತ್ತದೆ. ಮೂರೂ ಬೆರೆತದ್ದೇ ಕೆಮ್ಮಣ್ಣು. ಒಂದು ಅಂಗುಲ ಕೂಡಿಬರಲು ನೂರಾರು ವರ್ಷ ಬೇಕು. ನಮ್ಮ ಶೇಂಗಾ ಹೊಲಗಳ ಮಣ್ಣೂ ಬಹುಪಾಲು ಇದೇ ಜಾತಿಯ ಕಲ್ಲಿನಿಂದ ಬಂದದ್ದು. ಮಳೆ ಕಡಿಮೆಯಾದ್ದರಿಂದ ನಮ್ಮಲ್ಲಿ ಗುದ್ದಲಿಗೆ ಗರಸು ಬೇಗ ತಾಗುತ್ತದೆ.

ಬರೀ ಕೆಮ್ಮಣ್ಣು ಬಡ ಮಣ್ಣು. ಸಾರ ಹಿಡಿದಿಟ್ಟುಕೊಳ್ಳುವ ಶಕ್ತಿ ಅದರ ಜೇಡಿಗೆ ಕಡಿಮೆ. ಅದಕ್ಕೇ ನಮ್ಮವರು ಬೇಸಿಗೆಯಲ್ಲಿ ಹೊಲಕ್ಕೆ ಕೆರೆಗೋಡು ಹೊಡೆಯುತ್ತಿದ್ದದ್ದು. ತೋಟದಲ್ಲಿ ಆ ಕೆಲಸ ಮಾಡುವುದು ತರಗೆಲೆ. ಯಾರೂ ಕೈಹಾಕದ ಹಳೇ ಮರದಡಿ ಎಲೆ ಸರಿಸಿ ನೋಡಿ: ಮೇಲೆ ಒಣ ಎಲೆ, ಕೆಳಗೆ ನರ ಮಾತ್ರ ಉಳಿದ ಎಲೆ, ಅದರಡಿ ಮಳೆವಾಸನೆಯ ಕಂದು ಪುಡಿ, ಆಮೇಲೆ ಕೆಂಪು.

ಒಳ್ಳೆಯ ಮಣ್ಣಿನಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಖಾಲಿ ಜಾಗವೇ. ಗಾಳಿ, ನೀರು ಓಡಾಡುವುದು ಅಲ್ಲಿ. ಜನ ತುಳಿದಷ್ಟೂ ಆ ಜಾಗ ಮುಚ್ಚಿಕೊಂಡು ನೆಲ ರೊಟ್ಟಿ ಹೆಂಚಿನಂತಾಗುತ್ತದೆ, ಮಳೆ ಇಂಗದೆ ಹರಿದುಹೋಗುತ್ತದೆ. ಇದರ ಜೊತೆಗೆ ನಮಗೊಂದು ಚೊಕ್ಕಟದ ಹುಚ್ಚು: ಎಲೆ ಬಿದ್ದರೆ ಗುಡಿಸು, ಗುಡಿಸಿ ಬೆಂಕಿ ಇಡು. ಊರ ನಡುವಿನ ಹಳೇ ತೋಟಗಳಿಗೆ ಬರಕ್ಕಿಂತ ಪೊರಕೆಯೇ ದೊಡ್ಡ ಶತ್ರು ಎಂಬುದು ನನ್ನ ಎಣಿಕೆ.

ನೆಲ ಗಟ್ಟಿಯಾಯಿತೆಂದು ಮರದ ಬುಡ ಅಗೆಯಲು ಹೋಗಬೇಡಿ. ನೀರು ಹೀರುವ ಸಣ್ಣ ಬೇರುಗಳು ಮೇಲೇ ಇರುತ್ತವೆ, ಕಡಿದುಹೋಗುತ್ತವೆ. ಓಡಾಟದ ದಾರಿ ಆಚೆ ತಿರುಗಿಸಿ, ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಮಂದ ತರಗೆಲೆ ಹಾಸಿ. ಒಂದೆರಡು ಮಳೆಗಾಲ ಕಳೆಯಲಿ, ಉಳುವ ಕೆಲಸ ಎರೆಹುಳು ನೋಡಿಕೊಳ್ಳುತ್ತದೆ.